ಹಸಿ ಅಂಟಿನ ಮೇಲೆ ಟಾರ್ಪಾಲು

ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ಕ್ಯಾಂಪರ್ ವ್ಯಾನಿಗೆ ಚಾವಣಿಯೇ ಪ್ರಾಣ. ಹಾರನಹಳ್ಳಿಯ ತೆಂಗಿನ ತೋಟವೊಂದರ ಪಕ್ಕ ನನ್ನ ವ್ಯಾನು ನಿಲ್ಲಿಸಿ, ಹಿಂದಿನ ಏಣಿ ಹತ್ತಿ ನೋಡಿದರೆ ಚಾವಣಿಯ ಗಾಳಿಕಿಂಡಿಯ ಸುತ್ತ ನೀರು ಸೋರದಂತೆ ಬಳಿದಿದ್ದ ಅಂಟು ಬಿರುಕು ಬಿಟ್ಟಿತ್ತು. ಹೊಸದು ಬಳಿದೆ. ಸಂಜೆಯವರೆಗೆ ಅದಕ್ಕೆ ಏನೂ ತಾಗಬಾರದು. ಮೋಡವೋ ಕವಿಯುತ್ತಲೇ ಇತ್ತು. ವ್ಯಾನನ್ನೂ ಆಕಾಶವನ್ನೂ ನೋಡುತ್ತ ನಾನು ಚಡಪಡಿಸುವುದನ್ನು ತೋಟದ ಯಜಮಾನ ರುದ್ರಪ್ಪನವರು ಗಮನಿಸಿದ್ದರು.

ಟೀ ಕುಡಿದು ಬರುವಷ್ಟರಲ್ಲಿ ಅವರು ಚಾವಣಿಯ ಮೇಲಿದ್ದರು. ಕೊಬ್ಬರಿಗೆ ಹೊದಿಸುವ ಟಾರ್ಪಾಲನ್ನು ಉದ್ದಕ್ಕೂ ಹರಡಿ, ಗಾಳಿಗೆ ಹಾರದಂತೆ ಸುತ್ತ ತೆಂಗಿನಕಾಯಿ ಇಡುತ್ತಿದ್ದರು. ಅವರ ಒಂದೊಂದು ಹೆಜ್ಜೆಗೂ ತೆಳು ಚಾವಣಿ ತಗ್ಗಿ ಏಳುತ್ತಿತ್ತು.

“ಇಳೀರಿ ಯಜಮಾನ್ರೇ, ಅಂಟು ಇನ್ನೂ ಹಸಿ!” ಎಂದು ಕೂಗಿದೆ.

“ಅದಕ್ಕೇ ಮುಚ್ಚಿದ್ದು ಸಾರ್. ಒಂದ್ ಹನಿ ಬಿದ್ರೂ ಕೊಬ್ಬರಿ ಕೆಟ್ಟೋಯ್ತದೆ, ಇದು ಕೆಡಾಕಿಲ್ವಾ?”

ಅಷ್ಟರಲ್ಲಿ ಮಳೆ ಸುರಿಯಿತು. ನಿಂತ ಮೇಲೆ ನೋಡಿದರೆ ಒಳಗೆ ಒಂದು ಹನಿಯೂ ಸೋರಿರಲಿಲ್ಲ. ಕಾಯಿಗಳನ್ನೆಲ್ಲ ಇಳಿಸಿದೆವು. ಟಾರ್ಪಾಲು ಮಾತ್ರ ಕಿಂಡಿಯ ಸುತ್ತ ಗಟ್ಟಿಯಾಗಿ ಕಚ್ಚಿಕೊಂಡಿದೆ. ಎಳೆದರೆ ಅಂಟೂ ಕಿತ್ತು ಬರುತ್ತದೋ ಏನೋ. ಹಳೇಬೀಡಿನ ಕಡೆಯಿಂದ ಇನ್ನೊಂದು ಮೋಡ ಏಳುತ್ತಿದೆ.

ರುದ್ರಪ್ಪನವರು ಟಾರ್ಪಾಲಿನ ತುದಿ ಹಿಡಿದು ಆಗಿನಿಂದ ಕೇಳುತ್ತಲೇ ಇದ್ದಾರೆ: “ಎಳೀಲಾ ಸಾರ್?”