ತುಳುಕದ ನೀರು

ಮಾರಾಟದ ಮನೆಗಳ ವಿಡಿಯೊ ತೆಗೆಯುತ್ತಿದ್ದ ನನ್ನಣ್ಣ, ತುಂಬಿದ ಲೋಟ ಹಿಡಿದವನಂತೆ ಮಂಡಿ ಬಗ್ಗಿಸಿ ನಡೆಯುತ್ತಿದ್ದ. "ನೀರು ತುಳುಕಬಾರದು, ತಂಬಿ," ಎಂದು ನನಗೂ ಕಲಿಸಿದ್ದ.

ಚಿತ್ರ ಅಲುಗಾಡುತ್ತಿದೆ ಎಂದು ಬ್ರೋಕರ್ ನಮ್ಮನ್ನು ಗಣಪತಿ ಎಂಬವನ ಲೇತ್ ವರ್ಕ್‌ಶಾಪಿಗೆ ಕರೆದೊಯ್ದ. ಕ್ಯಾಮೆರಾ ಅಲುಗದಂತೆ ನಿಲ್ಲಿಸಲು ಕೆಳಗೆ ಭಾರ ಕಟ್ಟಿದ ಹಿಡಿಗಳನ್ನು ಅಲ್ಲಿ ಮಾಡುತ್ತಿದ್ದರು. ಅಣ್ಣ ಒಂದೊಂದನ್ನೇ ಹಿಡಿದು ನಡೆದು ನೋಡಿದ.

"ಇದಕ್ಕೆ ಭಾರ ಪತ್ತಾದು, ಸಾಕಾಗಲ್ಲ ಸಾರ್," ಎಂದ.

"ಎನ್ನಪ್ಪಾ, ಎಲ್ಲಾನೂ ಅಲುಗಾಡ್ತದಲ್ಲ?" ಎಂದ ಬ್ರೋಕರ್.

ಆ ಕ್ಯಾಮೆರಾ ಮೇಲೆ ನನಗೆ ಮೊದಲಿಂದಲೂ ಕಣ್ಣಿತ್ತು.

"ಹಿಡಿ ಅಲ್ಲ ಸಾರ್, ಅಣ್ಣನ ಕೈಯೇ ನಡುಗ್ತದೆ," ಎಂದುಬಿಟ್ಟೆ.

ಅಣ್ಣ ಕ್ಯಾಮೆರಾ ನನ್ನ ಕೈಗಿಟ್ಟ.

ಅಂದಿನಿಂದ ಮನೆಯಲ್ಲಿ ಅವನು ಗೋಡೆಗೆ ಮುಖ ಮಾಡಿ, ಎರಡೂ ಕೈಯಲ್ಲಿ ಲೋಟ ಹಿಡಿದು ನೀರು ಕುಡಿಯುತ್ತಿದ್ದ. ನಾನು ವಿಡಿಯೊ ತೆಗೆದು ಬಂದಾಗಲೆಲ್ಲ, ತಾನು ಸಾಯುವ ತನಕ, ಕೇಳುತ್ತಿದ್ದ: "ತುಳುಕಲಿಲ್ಲ ತಾನೆ, ತಂಬಿ?"