ಹಾಲಿನ ಮೊಳೆಗೊಂದು ಕುಟುಂಬಚಿತ್ರ

2017ನೆಯ ಇಸವಿ, ಆಗ ನನಗೆ ಐವತ್ತೆರಡು ವರ್ಷ. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸುತ್ತ ಬಂದಿದ್ದ ನಾನು ಆ ವರ್ಷ ಸ್ವಇಚ್ಛೆಯಿಂದ ನಿವೃತ್ತನಾದೆ. ತಿದ್ದಲು ವಿದ್ಯಾರ್ಥಿಗಳು ಸಿಗದೆ ಮನೆಯವರನ್ನೇ ತಿದ್ದತೊಡಗಿದಾಗ ಮಗಳು ಮೇಧಾ ಎಚ್ಚೆತ್ತುಕೊಂಡು ಒಂದು ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಳು.

"ಅಪ್ಪಾ, ಇನ್ನ ಮ್ಯಾಲ ಇದರಾಗ ತಪ್ಪು ಹುಡುಕು. ನಮ್ಮನ್ನ ಬಿಟ್ಟುಬಿಡು."

ಅದರ ಜೊತೆ ಬಂದ ಕೈಪಿಡಿಯನ್ನು ನಾನು ಎರಡು ಸಲ ಓದಿದೆ: ಮೊದಲನೆಯ ಓದು ತಿಳಿವಳಿಕೆಗಾಗಿ, ಎರಡನೆಯದು ಅಚ್ಚಿನ ತಪ್ಪುಗಳಿಗಾಗಿ. ಎರಡರಲ್ಲಿಯೂ ಸಾಕಷ್ಟು ಫಲ ದೊರೆಯಿತು.

ಕ್ಯಾಮೆರಾ ಬಂದ ದಿನವೇ ಹೆಂಡತಿ ಸುನಂದಾ ಹಾಲಿನ ಗೋಡೆಯತ್ತ ಕೈ ತೋರಿಸಿದಳು. ಮರಾಠಿ ಸೀಮೆಯಲ್ಲಿ, ಸ್ವಾರಗೇಟಿನ ಬಳಿಯ ಈ ಮನೆಗೆ ಬಂದಾಗ, ಮನೆಮಂದಿಯೆಲ್ಲ ಇರುವ ಒಂದು ದೊಡ್ಡ ಫೋಟೋಗಾಗಿ ಅವಳು ಅಲ್ಲಿ ಮೊಳೆ ಹೊಡೆಸಿದ್ದಳು. ಫೋಟೋ ಬರಲಿಲ್ಲ. ತಾತ್ಕಾಲಿಕವಾಗಿ ಬಂದ ಕ್ಯಾಲೆಂಡರ್ ವರ್ಷಕ್ಕೊಮ್ಮೆ ತನ್ನ ಉತ್ತರಾಧಿಕಾರಿಗೆ ಜಾಗ ಬಿಟ್ಟುಕೊಡುತ್ತ ಅಲ್ಲಿಯೇ ಸಂಸಾರ ಹೂಡಿತ್ತು. ಎಂಬತ್ತು ದಾಟಿದ ನನ್ನ ಅವ್ವ ದಿವಾನದ ಮೇಲೆ ಕುಳಿತು ಅದನ್ನೇ ನೋಡುತ್ತ ಒಂದು ದಿನ ಹೇಳಿದಳು:

"ಶ್ರೀಪಾದ, ಹಾರ ಹಾಕಿದ ಫೋಟೋದಾಗ ನಾ ಹ್ಯಾಂಗೂ ಗೋಡಿ ಏರಾಕಿನ ಇದ್ದೇನಿ. ಅದಕ್ಕಿಂತ ಮೊದಲ ಹಾರ ಇಲ್ಲದ್ದೊಂದು ಆಗ್ಲಿ. ಎಲ್ಲಾರ ನಡುವ, ನಕ್ಕೋತ."

ಚೇಷ್ಟೆಯ ಧ್ವನಿಯಲ್ಲಿ ಹೇಳಿದ ಮಾತು. ಆದರೆ ಅದರೊಳಗೆ ಒಂದು ಗಡುವು ಅಡಗಿತ್ತು. ನಾನು ಅದನ್ನು ವ್ರತವೆಂದೇ ಸ್ವೀಕರಿಸಿದೆ.

ಹಬ್ಬಗಳಲ್ಲಿ ಬಾರಾಮತಿಯಿಂದ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಬರುತ್ತಾರೆ. ಮೊದಲ ದೀಪಾವಳಿಗೆ ಅವರು ಬಂದೊಡನೆ, ಶಾಲೆಯ ಗುಂಪುಚಿತ್ರದ ನಿಯಮಗಳನ್ನೇ ಜಾರಿಗೆ ತಂದೆ: ಎತ್ತರದವರು ಹಿಂದೆ, ಗಿಡ್ಡವರು ಮುಂದೆ, ಕೈ ಮೊಣಕಾಲ ಮೇಲೆ, ಗದ್ದ ತುಸು ಮೇಲಕ್ಕೆ. ಫಲವಾಗಿ ಬಂದ ಚಿತ್ರದಲ್ಲಿ ನಮ್ಮ ಕುಟುಂಬವು ಪಂಚನಾಮೆಗೆ ಸಹಿ ಹಾಕಲು ಬಂದವರ ಹಾಗಿತ್ತು. ಅವ್ವನ ಸ್ಥಿತಿ ಇನ್ನೂ ಗಂಭೀರ. ಅವಳ ಬಾಲ್ಯದಲ್ಲಿ ಫೋಟೋದವನು ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿ "ಯಾರೂ ಅಳ್ಳಾಡಬ್ಯಾಡ್ರಿ" ಎಂದಿದ್ದನಂತೆ. ಆ ಆಜ್ಞೆಯನ್ನು ಆತ ಹಿಂದಕ್ಕೆ ಪಡೆದ ನೆನಪು ಅವಳಿಗಿಲ್ಲ. ಆದ್ದರಿಂದ ಇಂದಿಗೂ ಕ್ಯಾಮೆರಾ ಕಂಡರೆ ಉಸಿರು ಹಿಡಿಯುತ್ತಾಳೆ.

ಕುರ್ಚಿಗಳದು ಬೇರೆಯೇ ಪುರಾಣ. ಕುರ್ಚಿ ಹಾಕಿದರೆ ಕುಳಿತುಕೊಳ್ಳುವುದು ಲೋಕರೂಢಿ. ಧಾರವಾಡದ ಕಡೆಯ ನಮ್ಮ ಮನೆತನದಲ್ಲಿ ಅದು ಇನ್ನೊಬ್ಬರನ್ನು ಕೂಡಿಸುವುದಕ್ಕಾಗಿ ಇರುವ ವಸ್ತು.

"ವೈನಿ, ನೀವು ಕೂಡ್ರಿ," ಎಂದಳು ಸುನಂದಾ.

"ಅತ್ತಿಯವರ ಬಾಜೂಕ, ಅವರ ಸರಿಸಮ ಕುರ್ಚಿ ಮ್ಯಾಲ ನಾ ಕೂಡ್ಲೇನು? ನೀ ಕೂಡು."

"ಭಾವನವರು ನಿಂತಾರ, ನಾ ಹ್ಯಾಂಗ ಕೂಡ್ಲಿ?"

"ನಾ ಬಾರಾಮತಿಯಿಂದ ಕೂತಗೊಂಡ ಬಂದೇನಿ," ಎಂದ ಅಣ್ಣ. "ಈಗರೆ ನಿಲ್ಲಾಕ ಬಿಡ್ರಿ."

ಈ ಸೌಜನ್ಯದ ಕುಸ್ತಿ ಮುಗಿಯುವಷ್ಟರಲ್ಲಿ ಹಾಲಿನ ಹೊರಗಿನ ಗ್ಯಾಲರಿಯಿಂದ ಬರುತ್ತಿದ್ದ ಬೆಳಕು ಎದುರಿನ ಕಟ್ಟಡದ ಹಿಂದೆ ಸರಿದಿತ್ತು. ಅಂದಿನ ಚಿತ್ರಗಳಲ್ಲಿ ಅತ್ಯಂತ ಸಹಜವಾಗಿ ಬಂದವೆಂದರೆ ಖಾಲಿ ಕುರ್ಚಿಗಳು.

ಇನ್ನು ನನ್ನ ಸ್ಥಾನ. ಕನ್ನಡದಲ್ಲಿ ಕರ್ತೃಪದವನ್ನು ಹೇಳದೆಯೂ ವಾಕ್ಯ ನಡೆಯುತ್ತದೆ. "ನಾಳೆ ಬರುತ್ತೇನೆ" ಎಂದರೆ ಬರುವವನಾರೆಂದು ಯಾರೂ ಕೇಳುವುದಿಲ್ಲ. ಮನೆಯ ಫೋಟೋಗಳಲ್ಲಿ ನಾನು ಅಂಥ ಅಧ್ಯಾಹಾರದ ಕರ್ತೃವಾಗಿದ್ದೆ. ಅವ್ವನಿಗೆ ಈ ವ್ಯಾಕರಣ ಒಪ್ಪಿಗೆಯಾಗಲಿಲ್ಲ. ಎಲ್ಲರೂ ಎಂದರೆ ಎಲ್ಲರೂ ಎಂದಳು. ಹೀಗಾಗಿ ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ಟೈಮರ್ ಒತ್ತಿ, ಓಡಿಹೋಗಿ ಸಾಲಿನಲ್ಲಿ ಸೇರುವ ವಿದ್ಯೆಯನ್ನು ಅಭ್ಯಾಸ ಮಾಡಿದೆ. ಕ್ಯಾಮೆರಾ ಸಮಯಕ್ಕೆ ಸರಿಯಾಗಿ ಕ್ಲಿಕ್ಕಿಸಿತು. ತಡವಾಗಿ ಬಂದವನು, ಜೀವನದಲ್ಲಿ ಮೊದಲ ಬಾರಿಗೆ, ನಾನು.

"ಅಪ್ಪಾ, ಬಸ್ಸಿನ ಬೆನ್ನ ಹತ್ತಿದವ್ರಗತೆ ಕಾಣಾಕತ್ತೀ ನೋಡು," ಎಂದಳು ಮೇಧಾ.

ಹೀಗೆ ಎರಡು ದೀಪಾವಳಿಗಳು ಕಳೆದವು. ಮೂರನೆಯದು ಸಮೀಪಿಸಿದಾಗ ಅವ್ವನ ಮೊಣಕಾಲು ಹೆಚ್ಚು ನೋಯತೊಡಗಿತ್ತು. ಹಾರದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಅವಳು ಎತ್ತದಿದ್ದುದೇ ನನಗೆ ಚುಚ್ಚಿತು. ಸುನಂದಾ ಸ್ಪಷ್ಟವಾಗಿ ಹೇಳಿದಳು:

"ಈ ಪಾಡ್ಯಕ್ಕ ಆಗಲಿಲ್ಲಂದ್ರ ಸ್ಟುಡಿಯೋದಾಂವನ್ನ ಕರಸ್ತೇನಿ. ಮತ್ತ ಸಿಟ್ಟಾಗಬ್ಯಾಡ್ರಿ. ನಿಮ್ಮ ಕ್ಯಾಮೆರಾದಾಗ ದೋಷ ಇಲ್ರಿ. ನೀವು 'ಆತು, ಮುಗೀತು, ಏಳ್ರಿ' ಅಂತೀರಲ್ಲ, ಆಗ ನೋಡ್ರಿ ಒಬ್ಬೊಬ್ಬರ ಮಾರಿ. ಹೂ ಅರಳಿದಂಗ ಅರಳತಾವ. ನೀವು ಅಷ್ಟೊತ್ತಿಗೆ ಕ್ಯಾಮೆರಾ ಚೀಲದಾಗ ಹಾಕಿರ್ತೀರಿ."

ಇಷ್ಟು ವರ್ಷ ತರಗತಿಯ ಮುಂದೆ ನಿಂತವನಿಗೆ ಇದು ಗೊತ್ತಿರಬೇಕಿತ್ತು. ಇಡೀ ಪಾಠದಲ್ಲಿ ಮಕ್ಕಳ ಮುಖ ಅತ್ಯಂತ ತೇಜಸ್ವಿಯಾಗುವುದು ಗಂಟೆ ಬಾರಿಸಿದ ಕ್ಷಣದಲ್ಲಿ. ಅದು ನನ್ನ ಸಮಾಸ ಪ್ರಕರಣದ ಮೇಲಿನ ವಿಮರ್ಶೆಯೆಂದು ನಾನು ಎಂದೂ ಭಾವಿಸಿರಲಿಲ್ಲ, ಈಗಲೂ ಭಾವಿಸುವುದಿಲ್ಲ. ಆದರೂ ಯೋಚಿಸಿ ನೋಡಿ: ನಾವು ಕನ್ನಡದಲ್ಲಿ ಫೋಟೋ "ತೆಗೆ"ಯುತ್ತೇವೆ, ಹೊಸ್ತಿಲು ದಾಟಿದರೆ ಮರಾಠಿಯ ನೆರೆಯವರು "ಕಾಢ" ಎನ್ನುತ್ತಾರೆ. ಎರಡೂ ಒಳಗಿದ್ದುದನ್ನು ಹೊರಗೆ ತರುವ ಮಾತುಗಳೇ, ಬಾವಿಯಿಂದ ನೀರು ತೆಗೆದ ಹಾಗೆ. ನಾನಾದರೋ ಈವರೆಗೆ ಎಲ್ಲರಿಗೂ ಎಲ್ಲವನ್ನೂ ಒಳಕ್ಕೆ ಎಳೆದುಕೊಳ್ಳಿರೆಂದು ಹೇಳುತ್ತಿದ್ದೆ: ಉಸಿರು, ಹೊಟ್ಟೆ, ಗದ್ದ.

ಕೈಪಿಡಿಯ ಮೂರನೆಯ ಓದಿಗೆ ಕುಳಿತೆ. ಟೈಮರ್ ಒಮ್ಮೆ ಒತ್ತಿದರೆ, ನಡುನಡುವೆ ಸ್ವಲ್ಪ ಬಿಡುವು ಕೊಟ್ಟು, ಒಂದರ ಹಿಂದೊಂದರಂತೆ ಮೂರು ಚಿತ್ರ ತೆಗೆಯುವ ಏರ್ಪಾಡು ಅದರಲ್ಲಿತ್ತು. ವಿಷಯವನ್ನು ಯಾರಿಗೂ ತಿಳಿಸಲಿಲ್ಲ.

ಪಾಡ್ಯದ ಬೆಳಿಗ್ಗೆ ಆರತಿ ಮುಗಿದ ಮೇಲೆ ಹಾಲಿನಲ್ಲಿದ್ದ ಕುರ್ಚಿಗಳನ್ನೆಲ್ಲ ಒಳಗೆ ಸಾಗಿಸಿದೆ. ಉಳಿದುದು ಒಂದೇ, ಅವ್ವನದು. ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಉಳಿದವರಿಗೆ ಜಮಖಾನ ಹಾಸಿದೆ. ಜಮಖಾನಕ್ಕೆ ಮೇಲು ಕೀಳಿಲ್ಲ, ಭಾವನವರಿಲ್ಲ, ವೈನಿಯಿಲ್ಲ. ಊಟದ ಪಂಕ್ತಿಗೆ ಕುಳಿತವರ ಹಾಗೆ ಎಲ್ಲರೂ ತಾವಾಗಿಯೇ ಕುಳಿತುಬಿಟ್ಟರು. ಟೈಮರ್ ಒತ್ತಿ, ಓಡದೆ, ಎರಡು ಹೆಜ್ಜೆ ನಡೆದು ಅವ್ವನ ಕಾಲಬಳಿ ಕುಳಿತೆ. ಅಂತರವನ್ನು ಮೊದಲೇ ಅಳೆದಿಟ್ಟಿದ್ದೆ.

ಮೊದಲನೆಯ ಕ್ಲಿಕ್. ಎಂದಿನ ಪಂಚನಾಮೆ.

"ಆತು," ಎಂದೆ. "ಮುಗೀತು. ಏಳ್ರಿ, ಫರಾಳ ತಿನ್ನಾಕ ನಡೀರಿ."

ಅವ್ವ ಉಸಿರು ಬಿಟ್ಟಳು. "ಈ ಸಲ ಲಗೂನ ಬಿಟ್ಟಿ ನೋಡು, ಮಾಸ್ತರ," ಎಂದಳು. ಎಲ್ಲರೂ ನಕ್ಕರು. ಎರಡನೆಯ ಕ್ಲಿಕ್.

ನಾನು ಗೆದ್ದಿದ್ದೆ. ಆ ಸಂಭ್ರಮದಲ್ಲಿ, ಮೂರೆಂದು ನಾನೇ ಹೊಂದಿಸಿದ್ದು ನನಗೇ ಮರೆತುಹೋಯಿತು. ಅವ್ವನ ಕಡೆ ತಿರುಗಿ, "ಸಿಕ್ಕಿ, ಅವ್ವಾ," ಎಂದೆ. ಅವಳು ನನ್ನ ತಲೆಗೆ ಮೊಟಕಿದಳು. ಮೂರನೆಯ ಕ್ಲಿಕ್.

ಎರಡನೆಯ ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದಾರೆ. ನಾನೊಬ್ಬ ಮಾತ್ರ ಪರೀಕ್ಷೆಯ ಮೇಲ್ವಿಚಾರಕನಂತೆ ನೆಟ್ಟಗೆ ಕುಳಿತಿದ್ದೇನೆ. ಮೂರನೆಯದರಲ್ಲಿ ಅವ್ವನ ಕೈ ನನ್ನ ತಲೆಯ ಮೇಲಿದೆ, ಅವಳ ಬೊಚ್ಚುಬಾಯಿ ಪೂರ್ಣ ತೆರೆದಿದೆ, ವೈನಿ ಸುನಂದಾಳ ಹೆಗಲಿಗೆ ಒರಗಿದ್ದಾಳೆ. ನನ್ನ ಗದ್ದ ನಿಯಮಕ್ಕಿಂತ ಬಹಳ ಕೆಳಗಿದೆ. ತಿದ್ದುವುದಕ್ಕೆ ಅದರಲ್ಲಿ ಬೇಕಾದಷ್ಟಿದೆ, ತಿದ್ದಬೇಕೆಂದು ಅನಿಸಿಲ್ಲ.

ಹಬ್ಬದ ಸೂಟಿ ಮುಗಿಸಿ ಅಂಗಡಿ ತೆರೆದ ಫ್ರೇಮಿನವನು ಅದಕ್ಕೆ ಕಟ್ಟು ಹಾಕಿಕೊಟ್ಟ. ಅವ್ವ ದಿವಾನದ ಮೇಲಿಂದ ಬಹಳ ಹೊತ್ತು ನೋಡಿ, "ಹಾರ ತರಬ್ಯಾಡ್ರಿ ಇನ್ನ," ಎಂದಳು. "ಅಷ್ಟು ನಗಾಕಿಗೆ ಹಾರ ಹಾಕಿದ್ರ ಮಂದಿ ಏನಂದಾರು?"

ಮೊಳೆಯಿಂದ ಕ್ಯಾಲೆಂಡರನ್ನು ಇಳಿಸುವ ಮುನ್ನ, ಅದರ ಕೊನೆಯ ಸೇವೆಯೆಂಬಂತೆ, ದಿನಾಂಕ ನೋಡಿಕೊಂಡೆ: 2019ನೆಯ ಇಸವಿ, ನವೆಂಬರ್ 2, ಶನಿವಾರ.