ನೀಲಗಂಗಮ್ಮನ ಬಳೆ ತಟ್ಟೆ

ಕೂಡ್ಲಿಗಿ ರಸ್ತೆಯಲ್ಲಿ ಮಕ್ಕಳ ಸಿರಪ್ ತಯಾರಿಸುವ ಫ್ಯಾಕ್ಟರಿಯಿದೆ. ಅದರ ಬಾಟಲಿ ತುಂಬುವ ಕೋಣೆಗೆ ನೀಲಗಂಗಮ್ಮನೇ ಬೀಗ, ನೀಲಗಂಗಮ್ಮನೇ ಕೀಲಿ. ಮಾಲೀಕರೇ ಬಂದರೂ "ಸಾವ್ಕಾರ್ರ, ಉಗುರು ತೋರಸ್ರಿ" ಎನ್ನುವವಳು. ಒಳಗೆ ಹೋಗುವವರಿಗೆಲ್ಲ ಮೊಣಕೈವರೆಗೆ ಸೋಪು ಹಚ್ಚಿಸುತ್ತಾಳೆ. ಯಾರಾದರೂ ಕೆಮ್ಮಿದರೆ "ನಿನ್ನ ಬಾಯಾಗಿನ ಹುಳ ಕೂಸಿನ ಹೊಟ್ಟ್ಯಾಗ ಹೋಗ್ಬೇಕೇನವಾ?" ಎಂದು ಹೊರಗೆ ಕೂರಿಸುತ್ತಾಳೆ. ಮನೆಯಲ್ಲೂ ಕದವನ್ನು ಮೊಣಕೈಯಿಂದಲೇ ನೂಕುತ್ತಾಳೆ. ಹೊಸ್ತಿಲು ದಾಟುವ ಬೆಕ್ಕಿಗೂ ಕಾಲು ತೊಳೆಸುತ್ತಾಳೆಂದು ಓಣಿಯವರು ನಗುತ್ತಾರೆ. ಇಷ್ಟು ಜೋರಿನ ಹೆಂಗಸು ಬಳೆಯ ಹೊತ್ತಿಗೆ ಮಾತ್ರ ಮೆತ್ತಗಾಗುತ್ತಾಳೆ. ಬಳೆಯ ಸಂದಿಯಲ್ಲಿ ರೋಗಾಣು ಕೂರುತ್ತವೆಂದು ಎಲ್ಲರೂ ಬಳೆ ಕಳಚಿಟ್ಟೇ ಒಳಗೆ ಹೋಗಬೇಕು. ಗಂಡ ಸತ್ತ ತನ್ನ ಕೈಗೆ ಬಳೆ ಕೊಡಲು ಮುತ್ತೈದೆಯರು ಅಳುಕಬಾರದೆಂದು ಆಕೆ ಸ್ಟೀಲಿನ ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಗೋಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ಸಂಜೆ ಅವರು ಮತ್ತೆ ತೊಟ್ಟುಕೊಳ್ಳುವಾಗಲೂ ಅಷ್ಟೆ. ಒಂಬತ್ತು ವರ್ಷ ಹೀಗೇ ನಡೆದಿತ್ತು. ಮೊನ್ನೆ ಸಂಜೆ, ಹೊಸದಾಗಿ ಮದುವೆಯಾಗಿ ಕೆಲಸಕ್ಕೆ ಸೇರಿದ ಸುಮಲತಾ ತಟ್ಟೆಯನ್ನೆತ್ತಿಕೊಂಡು ಆ ಗೋಡೆಯ ಬಳಿಗೇ ಬಂದು ಕೈ ಚಾಚಿದಳು: "ಬಳಿ ಬಿಗಿ ಅದಾವ ಅಕ್ಕಾರ, ನೀವ ಏರಸ್ರಿ." ನೀಲಗಂಗಮ್ಮ ನಲ್ಲಿಗೆ ಹೋಗಿ ಕೈ ತೊಳೆದಳು. ಮತ್ತೆ ಸೋಪು ಹಚ್ಚಿ ತೊಳೆದಳು. ಮೂರನೆಯ ಸಲ ಸೋಪು ಎತ್ತಿಕೊಂಡಾಗ ಸುಮಲತಾ ನಲ್ಲಿಯನ್ನು ಮೊಣಕೈಯಿಂದ ನಿಲ್ಲಿಸಿ ನಕ್ಕಳು: "ಸಾಕ್ ಬರ್ರಿ ಅಕ್ಕಾರ. ನಿಮ್ಮಷ್ಟು ಸ್ವಚ್ಛ ಕೈ ಈ ಫ್ಯಾಕ್ಟ್ರ್ಯಾಗ ಇನ್ಯಾರ್ದೈತಿ?"